ಎಷ್ಟು ವಾಟ್ ಅನ್ನೋ ಮುಂಚೆ ಎಷ್ಟು ದೂರ ಅಂತ ಕೇಳಿ

ಮನೆಗೊಂದು ಒಳ್ಳೇ ಮ್ಯೂಸಿಕ್ ಸಿಸ್ಟಂ ತಗೋಬೇಕು ಅಂತ ಯಾರೇ ಮೆಸೇಜ್ ಮಾಡಿದ್ರೂ ಮೊದಲ ಪ್ರಶ್ನೆ ಒಂದೇ: "ಎಷ್ಟು ವಾಟ್ ಆಂಪ್ಲಿಫೈಯರ್ ತಗೊಳ್ಳಲಿ?" ಫೋನಿಗೆ ಎಷ್ಟು ಜಿಬಿ, ಬೈಕಿಗೆ ಎಷ್ಟು ಸಿಸಿ ಅಂತ ಕೇಳಿ ಕೇಳಿ ನಮಗೆ ಎಲ್ಲದಕ್ಕೂ ಒಂದು ನಂಬರ್ ಬೇಕು. ಸ್ಪೀಕರ್ ಮೇಲೆ 100 ವಾಟ್ ಅಂತಿದೆ, ಆಂಪ್ಲಿಫೈಯರ್ ಮೇಲೂ 100 ವಾಟ್ ಅಂತಿದೆ. ಸರಿ, ಜಾತಕ ಕೂಡಿತು, ಆರ್ಡರ್ ಮಾಡಿಬಿಡೋಣ!

ಜಾತಕ ಕೂಡಿದ ಮದುವೆಗಳೆಲ್ಲ ಸುಖವಾಗಿರಲ್ಲ. ಇಲ್ಲೂ ಅಷ್ಟೇ. ಆಂಪ್ಲಿಫೈಯರಿಗೂ ಸ್ಪೀಕರಿಗೂ ಜೋಡಿ ಕೂಡಿಸುವಾಗ ವಾಟ್ ನೋಡಬೇಕಾದ್ದು ಕೊನೆಗೆ. ಮೊದಲು ನೋಡಬೇಕಾದ್ದು ಯಾರು ಕೇಳ್ತಾರೆ, ಏನು ಕೇಳ್ತಾರೆ, ಎಷ್ಟು ದೂರ ಕೂತು ಕೇಳ್ತಾರೆ ಅನ್ನೋದು. ಈ ವಾರ ಅದರ ಲೆಕ್ಕ. ಹೆದರಬೇಡಿ, ಕೂಡೋದು ಕಳೆಯೋದು ಬಂದ್ರೆ ಸಾಕು.

ದೀಪಾವಳಿಗೆ ಸುಟ್ಟಿದ್ದು ಪಟಾಕಿ ಮಾತ್ರ ಅಲ್ಲ

ನನ್ನ ಕಾಲೇಜು ಗೆಳೆಯನೊಬ್ಬನ ಊರು ಪಾವಗಡ. ಅವನ ತಂದೆ ರಿಟೈರ್ಡ್ ಮೇಷ್ಟ್ರು. ತುಮಕೂರು ಜಿಲ್ಲೆ ಅಂದ್ರೆ ಗುಬ್ಬಿ ವೀರಣ್ಣನವರ ಜಿಲ್ಲೆ. ಹಳ್ಳಿಗಳಲ್ಲಿ ಇವತ್ತಿಗೂ ಬಣ್ಣ ಹಚ್ಚಿ ಕುರುಕ್ಷೇತ್ರ ಆಡ್ತಾರೆ. ಮೇಷ್ಟ್ರಿಗೂ ಹಾರ್ಮೋನಿಯಂ, ಕಂದ ಪದ್ಯ, ರಂಗಗೀತೆ ಅಂದ್ರೆ ಪ್ರಾಣ. ಮಗ ಬೋನಸ್ ದುಡ್ಡಲ್ಲಿ ಒಂದು ಜೊತೆ ಒಳ್ಳೇ ಬುಕ್‌ಶೆಲ್ಫ್ ಸ್ಪೀಕರ್, ಆನ್‌ಲೈನಲ್ಲಿ ಸಿಕ್ಕ ಅಂಗೈ ಅಗಲದ ಒಂದು ಆಂಪ್ಲಿಫೈಯರ್ ತಂದು ಹಾಲ್‌ನಲ್ಲಿ ಕೂರಿಸಿದ. ಎರಡರ ಡಬ್ಬದ ಮೇಲೂ 100 ವಾಟ್.

ದೀಪಾವಳಿಗೆ ಊರಿಗೆ ಹೋದಾಗ ಒಂದು ಸ್ಪೀಕರಿನ ಟ್ವೀಟರ್ ಸತ್ತಿತ್ತು. ತಾಳ, ತಂಬೂರಿ ಎಲ್ಲ ಒಂದೇ ಕಡೆಯಿಂದ. ರಿಪೇರಿಯವರು ಕಾಯಿಲ್ ಸುಟ್ಟಿದೆ, ಜೋರಾಗಿ ಇಟ್ಟಿದ್ದೀರ ಅಂದ್ರು. ಟ್ವೀಟರ್ ಹೋಗಿದ್ದಕ್ಕಿಂತ ಮೇಷ್ಟ್ರು ಆ ಕಡೆ ಹೋಗೋದನ್ನೇ ಬಿಟ್ಟಿದ್ದು ಅವನಿಗೆ ಬೇಜಾರು. "ನಿನ್ನ ದುಡ್ಡು ಹಾಳು ಮಾಡಿದೆ ಕಣಪ್ಪ. ನಂಗ್ಯಾಕೆ ಇವೆಲ್ಲ, ರೇಡಿಯೋನೇ ಸಾಕು" ಅಂದುಬಿಟ್ಟಿದ್ರು.

ಫೋನಲ್ಲಿ ಗೆಳೆಯ ಕೇಳಿದ ಪ್ರಶ್ನೆ: "100 ವಾಟ್ ಸ್ಪೀಕರಿಗೆ 100 ವಾಟೇ ಕೊಟ್ಟಿದ್ದೀನಲ್ಲೋ, ಇನ್ನೂ ಚಿಕ್ಕ ಆಂಪ್ ತರಬೇಕಿತ್ತಾ?" ಉತ್ತರ ಉಲ್ಟಾ. ಟ್ವೀಟರ್ ಸುಟ್ಟಿದ್ದು ಆಂಪ್ಲಿಫೈಯರ್ ದೊಡ್ಡದಾಗಿದ್ದಕ್ಕಲ್ಲ, ಚಿಕ್ಕದಾಗಿದ್ದಕ್ಕೆ.

ಡಬ್ಬದ ಮೇಲಿನ ವಾಟ್, ಅಡಾಪ್ಟರ್ ಹೇಳೋ ವಾಟ್

ಮೊದಲು ಆ 100 ವಾಟ್ ಎಲ್ಲಿಂದ ಬಂತು ನೋಡೋಣ. ಅದರ ಜೊತೆ ಬಂದ ಅಡಾಪ್ಟರ್ 24 ವೋಲ್ಟ್, 4 ಆಂಪಿಯರ್. ಗುಣಿಸಿದ್ರೆ 96 ವಾಟ್. ಎರಡು ಚಾನೆಲ್‌ಗೂ ಸೇರಿ ಗೋಡೆಯಿಂದ ಬರೋದೇ 96 ವಾಟ್ ಆದ್ರೆ, ಒಂದೊಂದು ಚಾನೆಲ್ಲಿಗೆ 100 ವಾಟ್ ನಿರಂತರವಾಗಿ ಹೇಗೆ ಹೋಗುತ್ತೆ? ಇನ್ನೂ ಒಂದು ಮಿತಿ ಇದೆ. 24 ವೋಲ್ಟ್ ಸಪ್ಲೈನಿಂದ 8 ಓಮ್ ಸ್ಪೀಕರಿಗೆ ಅಲೆ ವಿಕಾರವಾಗದ ಹಾಗೆ ಕೊಡಬಹುದಾದ್ದು ಹೆಚ್ಚೆಂದರೆ 36 ವಾಟ್. ಒಳಗಿನ ನಷ್ಟ ಕಳೆದರೆ 30ರ ಆಸುಪಾಸು.

ಇದು ಒಂದು ಕಂಪನಿಯ ಕಥೆ ಅಲ್ಲ, ಸಂತೆಯ ಕಥೆ. ಹಿಂದೆ ಟೇಪ್ ರೆಕಾರ್ಡರ್ ಮೇಲೆ ಪಿಎಂಪಿಓ ಅಂತ ಸಾವಿರಾರು ವಾಟ್ ಬರೀತಿದ್ರಲ್ಲ, ಅದಕ್ಕೆ ಒಪ್ಪಿತವಾದ ಅಳತೆಯೇ ಇರಲಿಲ್ಲ. ಅಮೆರಿಕದಲ್ಲಿ ಇಂಥ ಜಾಹೀರಾತು ವಿಪರೀತ ಆಗಿ 1974ರಲ್ಲಿ ಸರ್ಕಾರವೇ ಆಂಪ್ಲಿಫೈಯರಿನ ವಾಟ್ ಹೇಗೆ ಅಳೀಬೇಕು ಅಂತ ನಿಯಮ ತಂತು. ನಿಮಗೆ ಬೇಕಾದ್ದು ಇಂಥ ಸಾಲು: 8 ಓಮ್, ಎರಡೂ ಚಾನೆಲ್ ಒಟ್ಟಿಗೆ, 20ರಿಂದ 20,000 ಹರ್ಟ್ಜ್, ಡಿಸ್ಟಾರ್ಷನ್ ಶೇ. 1ಕ್ಕಿಂತ ಕಡಿಮೆ. ಬರೀ 1 ಕಿಲೋಹರ್ಟ್ಜ್, 4 ಓಮ್, ಶೇ. 10 ಡಿಸ್ಟಾರ್ಷನ್ ಅಂತ ಬರೆದಿದ್ರೆ ಆ ನಂಬರಿಗೆ ಸೊಗಸಾಗಿ ಮೇಕಪ್ ಮಾಡಿದ್ದಾರೆ ಅಂತ ಅರ್ಥ.

ಚಿಕ್ಕದು ದೊಡ್ಡದನ್ನ ಸುಡೋದು ಹೇಗೆ?

ಹಾಡು ಅಂದ್ರೆ ಏರಿಳಿಯೋ ಅಲೆ. ತನ್ನ ಸಪ್ಲೈ ವೋಲ್ಟೇಜಿಗಿಂತ ಎತ್ತರದ ಅಲೆಯನ್ನ ಆಂಪ್ಲಿಫೈಯರ್ ಕೊಡಲಾರದು. ವಾಲ್ಯೂಮ್ ತಿರುವುತ್ತಾ ಹೋದ್ರೆ ಅಲೆಯ ತಲೆ ಮಟ್ಟಸವಾಗಿ ಕತ್ತರಿಸಿ ಹೋಗುತ್ತೆ. ಇದನ್ನ ಕ್ಲಿಪ್ಪಿಂಗ್ ಅಂತಾರೆ.

ಮೊದಲು ಕತ್ತರಿಸೋದು ಮೃದಂಗ, ತಬಲಾದ ದೊಡ್ಡ ಪೆಟ್ಟುಗಳು. ಅವು ಅಲ್ಲಿಗೇ ನಿಂತುಬಿಡುತ್ತೆ. ಆದ್ರೆ ವಾಲ್ಯೂಮ್ ಏರಿಸ್ತಾ ಇದ್ರೆ ಚಿಕ್ಕ ಅಲೆಗಳು, ಅಂದ್ರೆ ತಾಳದ, ಹಾರ್ಮೋನಿಯಂನ ಮೇಲಿನ ಸ್ವರಗಳು, ಏರ್ತಾನೇ ಇರುತ್ತೆ. ಕತ್ತರಿಸಿದ ಅಂಚುಗಳಿಂದ ಹಾಡಲ್ಲಿ ಇಲ್ಲದ ಹೊಸ ಕೀರಲು ಸ್ವರಗಳೂ ಹುಟ್ಟುತ್ತೆ. ಒಟ್ಟಿನಲ್ಲಿ ಟ್ವೀಟರಿಗೆ ಹೋಗೋ ಸರಾಸರಿ ವಾಟ್ ಲೆಕ್ಕ ಮೀರುತ್ತೆ.

ಟ್ವೀಟರ್ ಅಂದ್ರೆ ಕೂದಲೆಳೆಯಂಥ ತಂತಿ ಸುತ್ತಿದ ಪುಟ್ಟ ಕಾಯಿಲ್. ನಿರಂತರವಾಗಿ ಅದು ತಡೆಯೋದು ಕೆಲವೇ ವಾಟ್. ಸ್ಪೀಕರ್ ಮೇಲೆ 100 ವಾಟ್ ಅಂತ ಬರೆದಾಗ, ಸಂಗೀತದ ಹೆಚ್ಚಿನ ಶಕ್ತಿ ಕೆಳಗಿನ ಸ್ವರಗಳಲ್ಲಿದ್ದು ವೂಫರಿಗೆ ಹೋಗುತ್ತೆ ಅಂತ ನಂಬಿ ಬರೆದಿರ್ತಾರೆ. ಕ್ಲಿಪ್ ಆದಾಗ ಆ ನಂಬಿಕೆ ಮುರಿಯುತ್ತೆ.

ಇನ್ನೊಂದು ಸತ್ಯ: ಮನೆಯ ಸ್ಪೀಕರುಗಳು ಮಹಾ ಸೋಮಾರಿಗಳು. ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರ್ ತಾನು ತಗೊಂಡ ಕರೆಂಟಲ್ಲಿ ಶೇ. 0.25ರಷ್ಟನ್ನು ಮಾತ್ರ ಶಬ್ದ ಮಾಡುತ್ತೆ. ಉಳಿದದ್ದೆಲ್ಲ ಕಾಯಿಲ್‌ನಲ್ಲಿ ಬಿಸಿ. ಸುಡದೇ ಇನ್ನೇನಾಗುತ್ತೆ?

ಸೆನ್ಸಿಟಿವಿಟಿ: ಸ್ಪೀಕರಿನ ಮೈಲೇಜ್

ಹಾಗಾದ್ರೆ ಎಷ್ಟು ವಾಟ್ ಬೇಕು? ಸ್ಪೀಕರಿನ ಸ್ಪೆಸಿಫಿಕೇಷನ್ ಪಟ್ಟಿಯಲ್ಲಿ ಸೆನ್ಸಿಟಿವಿಟಿ ಅನ್ನೋ ಸಾಲು ಹುಡುಕಿ. 86 ಡೆಸಿಬಲ್ ಅಂತಿದ್ರೆ, ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಅಷ್ಟು ಶಬ್ದ ಅಂತ. ಬೈಕಿನ ಮೈಲೇಜ್ ಇದ್ದ ಹಾಗೆ.

ನೆನಪಿಡಬೇಕಾದ ಸೂತ್ರ ಎರಡೇ. ವಾಟ್ ದುಪ್ಪಟ್ಟಾದ್ರೆ 3 ಡೆಸಿಬಲ್ ಏರುತ್ತೆ. ವಾಟ್ ಹತ್ತು ಪಟ್ಟಾದ್ರೆ 10 ಡೆಸಿಬಲ್; ನಮ್ಮ ಕಿವಿಗೆ ಇದು ಸುಮಾರು ಎರಡರಷ್ಟು ಜೋರು ಅನಿಸುತ್ತೆ. ಅಂದ್ರೆ 50 ವಾಟ್ ಬದಲು 60 ವಾಟ್ ತಗೊಂಡ್ರೆ ಕಿವಿಗೆ ವ್ಯತ್ಯಾಸವೇ ಗೊತ್ತಾಗಲ್ಲ.

ಈಗ ಮೇಷ್ಟ್ರ ಹಾಲ್. ಸ್ಪೀಕರ್ 86 ಡೆಸಿಬಲ್, 8 ಓಮ್. ಆರಾಮ ಕುರ್ಚಿ ಹತ್ತು ಅಡಿ, ಅಂದ್ರೆ ಮೂರು ಮೀಟರ್ ದೂರ. ಬಯಲಲ್ಲಿ ಆದ್ರೆ ಅಷ್ಟು ದೂರಕ್ಕೆ ಒಂಬತ್ತೂವರೆ ಡೆಸಿಬಲ್ ಇಳಿಯುತ್ತೆ. ಕೋಣೆಯಲ್ಲಿ ಗೋಡೆಗಳು ಶಬ್ದ ವಾಪಸ್ ಕೊಡೋದರಿಂದ 6 ಇಳಿಯುತ್ತೆ ಅಂತಿಟ್ಕೊಳ್ಳಿ. ಎರಡು ಸ್ಪೀಕರ್ ಇರೋದಕ್ಕೆ 3 ಕೂಡಿಸಿ. 86 ಕಳೆ 6, ಕೂಡು 3: ಒಂದೊಂದು ವಾಟಿಗೆ ಕುರ್ಚಿಯ ಹತ್ತಿರ 83 ಡೆಸಿಬಲ್.

ಸಾಮಾನ್ಯವಾಗಿ ನಾವು ಸರಾಸರಿ 80 ಡೆಸಿಬಲ್‌ನಲ್ಲಿ ಕೇಳಿದ್ರೆ ಮನೆ ತುಂಬಾ ಹಾಡು. ಅದಕ್ಕೆ ಬೇಕಾದ್ದು ಅರ್ಧ ವಾಟ್! ಹೌದು, ಅರ್ಧ. ತಿರುಮಣಿ ಕಡೆ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇರೋ ತಾಲ್ಲೂಕಲ್ಲಿ ಒಂದು ಸಂಜೆಯ ಸಂಗೀತಕ್ಕೆ ಸ್ಪೀಕರಿಗೆ ಬೇಕಾದ್ದು ಇಷ್ಟೇ.

ಮತ್ತೆ ದೊಡ್ಡ ಆಂಪ್ ಯಾಕೆ? ತಬಲಾದ ಪೆಟ್ಟು, ನಟ ದನಿ ಎತ್ತೋ ಕ್ಷಣ ಸರಾಸರಿಗಿಂತ 15ರಿಂದ 20 ಡೆಸಿಬಲ್ ಮೇಲೆ ಹೋಗುತ್ತೆ. 98 ಡೆಸಿಬಲ್ ಮುಟ್ಟಬೇಕಾದ್ರೆ 83ರ ಮೇಲೆ 15 ಬೇಕು, ಅಂದ್ರೆ ಸುಮಾರು 32 ವಾಟ್. ಅದೇ ಜಾಗದಲ್ಲಿ 91 ಡೆಸಿಬಲ್ ಸ್ಪೀಕರ್ ಇದ್ದಿದ್ರೆ 10 ವಾಟ್ ಸಾಕಿತ್ತು. 82 ಡೆಸಿಬಲ್ ಆಗಿದ್ರೆ ಸುಮಾರು 80 ವಾಟ್ ಬೇಕಿತ್ತು. ಹಾಲ್ ಅದೇ, ಹಾಡು ಅದೇ. ಸ್ಪೀಕರ್ ಬದಲಾದ್ರೆ ಬೇಕಾದ ವಾಟ್ ಎಂಟು ಪಟ್ಟು ಬದಲಾಗುತ್ತೆ. ಅದಕ್ಕೇ ಸ್ಪೀಕರ್ ಮೊದಲು, ಆಂಪ್ ಆಮೇಲೆ.

ಟೆಂಟ್ ಸಿನಿಮಾದ ತುತ್ತೂರಿ

ಟೆಂಟ್ ಸಿನಿಮಾ ಕಾಲದಲ್ಲಿ ಆಟಕ್ಕೆ ಮುಂಚೆ ಹಾಕೋ ಭಕ್ತಿಗೀತೆ ಪಕ್ಕದ ಹಳ್ಳಿಗೂ ಕೇಳ್ತಿತ್ತು, ಅದನ್ನ ಕೇಳಿಯೇ ಜನ ಹೊರಡ್ತಿದ್ರು ಅಂತ ಹಿರಿಯರು ಹೇಳ್ತಾರಲ್ಲ, ಅದು ಉತ್ಪ್ರೇಕ್ಷೆ ಅಲ್ಲ. ಮೈಕ್ ಸೆಟ್‌ನವರ ತುತ್ತೂರಿ ಸ್ಪೀಕರ್ ಒಂದು ವಾಟಿಗೆ 105 ಡೆಸಿಬಲ್ ಕೊಡುತ್ತೆ. 30 ವಾಟ್ ಕೊಟ್ರೆ 120. ಒಂದು ಕಿಲೋಮೀಟರಿಗೆ 60 ಕಳೆದ್ರೂ 60 ಡೆಸಿಬಲ್ ಉಳಿಯುತ್ತೆ. ಎದುರಿಗೆ ಕೂತು ಮಾತಾಡಿದಷ್ಟು. ಗಾಳಿ ಒಂದಿಷ್ಟು ನುಂಗಿದ್ರೂ ಹೊಲದಲ್ಲಿದ್ದವರಿಗೆ ಕೇಳೇ ಕೇಳುತ್ತೆ.

ಮನೆ ಸ್ಪೀಕರಿನ ಚರಿತ್ರೆ ಇದಕ್ಕೆ ಉಲ್ಟಾ ನಡೀತು. ಅಮೆರಿಕದ ಪಾಲ್ ಕ್ಲಿಪ್ಶ್ 1946ರಲ್ಲಿ ಮಾರಾಟಕ್ಕೆ ಬಿಟ್ಟ ಮೂಲೆಯಲ್ಲಿ ಇಡೋ ತುತ್ತೂರಿ ಸ್ಪೀಕರ್ ಬೀರುವಿನಷ್ಟು ದೊಡ್ಡದು, ಆದ್ರೆ ಕೆಲವೇ ವಾಟಿಗೆ ಮನೆ ತುಂಬ್ತಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಗಾಳಿಯಾಡದ ಚಿಕ್ಕ ಡಬ್ಬದಿಂದ ಆಳದ ಬೇಸ್ ತೆಗೆದು ತೋರಿಸಿದರು. ಬೆಲೆ ತೆತ್ತಿದ್ದು ಸೆನ್ಸಿಟಿವಿಟಿ. ಡಬ್ಬ ಚಿಕ್ಕದಾಗಬೇಕು, ಬೇಸ್ ಆಳವಾಗಿರಬೇಕು, ಕಮ್ಮಿ ವಾಟಿಗೆ ಜೋರಾಗಿ ಕೇಳಬೇಕು: ಮೂರರಲ್ಲಿ ಎರಡು ಸಿಗುತ್ತೆ, ಮೂರೂ ಸಿಗಲ್ಲ. ಇವತ್ತಿನ ಪುಟ್ಟ ಸ್ಪೀಕರುಗಳಿಗೆ ವಾಟ್ ಬೇಕಾಗಿರೋದು ಇದೇ ಕಾರಣಕ್ಕೆ.

ಓಮ್: ಬೋರ್‌ವೆಲ್ ಲೆಕ್ಕ

ಪಾವಗಡದವರಿಗೆ ಬೋರ್‌ವೆಲ್ ಹೇಳಿಕೊಡಬೇಕಾಗಿಲ್ಲ. ಒಂದು ಎಕರೆ ಡ್ರಿಪ್‌ಗೆ ಸರಿಯಾಗಿ ನೀರು ಕೊಡೋ ಮೋಟರಿಗೆ ಇನ್ನೆರಡು ಎಕರೆ ಪೈಪ್ ಜೋಡಿಸಿದ್ರೆ ಏನಾಗುತ್ತೆ? ಒತ್ತಡ ಬೀಳುತ್ತೆ, ತುದಿಯಲ್ಲಿ ಹನಿ ನಿಲ್ಲುತ್ತೆ. ಆಂಪ್ಲಿಫೈಯರ್ ಕೊಡೋ ವೋಲ್ಟೇಜ್ ಅಂದ್ರೆ ಒತ್ತಡ. ಎಷ್ಟು ಕರೆಂಟ್ ಹರೀಬೇಕು ಅಂತ ತೀರ್ಮಾನ ಮಾಡೋದು ಸ್ಪೀಕರಿನ ಓಮ್, ಅಂದ್ರೆ ಇಂಪೀಡೆನ್ಸ್.

8 ಓಮ್‌ಗೆ 50 ವಾಟ್ ಕೊಡೋ ಆಂಪ್ 20 ವೋಲ್ಟ್, ಎರಡೂವರೆ ಆಂಪಿಯರ್ ಕೊಡ್ತಿರುತ್ತೆ. ಅದೇ 20 ವೋಲ್ಟಿಗೆ 4 ಓಮ್ ಸ್ಪೀಕರ್ ಹಾಕಿದ್ರೆ 5 ಆಂಪಿಯರ್ ಎಳೆಯುತ್ತೆ. ಅಷ್ಟು ಕೊಡೋ ತಾಕತ್ತು ಅದಕ್ಕಿಲ್ಲದಿದ್ರೆ ಬಿಸಿಯಾಗುತ್ತೆ, ಪ್ರೊಟೆಕ್ಷನ್ ಬಿದ್ದು ಆಫ್ ಆಗುತ್ತೆ, ಇಲ್ಲ ಸಾಯುತ್ತೆ. ಎರಡು ಜೊತೆ 8 ಓಮ್ ಸ್ಪೀಕರನ್ನ ಒಂದೇ ಆಂಪಿಗೆ ಪ್ಯಾರಲಲ್ ಆಗಿ ಕೊಟ್ರೂ ಅದು 4 ಓಮ್ ಆಗುತ್ತೆ. ಹಬ್ಬದ ದಿನ ಅಂಗಳಕ್ಕೂ ಎರಡು ಡಬ್ಬ ಇಡೋಣ ಅನ್ನೋರು ಹುಷಾರು. ಆಂಪ್ಲಿಫೈಯರಿನ ಹಿಂದೆ "4ರಿಂದ 16 ಓಮ್" ಅಂತಿದ್ರೆ ಸರಿ, "6ರಿಂದ 16" ಅಂತಿದ್ರೆ 4 ಓಮ್ ಬೇಡ.

ಸ್ಪೀಕರ್ ಮೇಲಿನ ಓಮ್ ಒಂದೇ ಆಗಿದ್ರೂ ಒಳಗೆ ಸ್ವರದಿಂದ ಸ್ವರಕ್ಕೆ ಅದು ಏರಿಳೀತಿರುತ್ತೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬರೆದ ಸಂಖ್ಯೆಯ ಶೇ. 80ಕ್ಕಿಂತ ಕೆಳಗೆ ಇಳೀಬಾರದು. 8 ಅಂದ್ರೆ 6.4. ಎಲ್ಲರೂ ಅದನ್ನ ಪಾಲಿಸಲ್ಲ. ಆದ್ದರಿಂದ ಪಟ್ಟಿಯಲ್ಲಿ "ಕನಿಷ್ಠ ಇಂಪೀಡೆನ್ಸ್" ಅಂತ ಕೊಟ್ಟಿದ್ರೆ ಅದನ್ನೇ ನಂಬಿ.

ಇಲ್ಲೇ ಇನ್ನೊಂದು ಕಣ್ಕಟ್ಟು. ಎಷ್ಟೋ ಕಂಪನಿಗಳು ಸೆನ್ಸಿಟಿವಿಟಿಯನ್ನ ಒಂದು ವಾಟಿಗೆ ಅಲ್ಲ, 2.83 ವೋಲ್ಟಿಗೆ ಕೊಡ್ತಾರೆ. 8 ಓಮ್‌ಗೆ ಅದು ಒಂದು ವಾಟ್. 4 ಓಮ್‌ಗೆ ಎರಡು ವಾಟ್. ಹಾಗಾಗಿ 4 ಓಮ್ ಸ್ಪೀಕರ್ 89 ಅಂತ ಬೀಗಿದ್ರೆ ವಾಟ್ ಲೆಕ್ಕದಲ್ಲಿ ಅದು 86.

ಮೇಷ್ಟ್ರು ವಾಲ್ಯೂಮ್ ಏರಿಸಿದ್ದು ಯಾಕೆ?

ಲೆಕ್ಕದಲ್ಲಿ 32 ವಾಟ್ ಬೇಕು, ಆಂಪ್ ಕೊಡೋದು 30. ಹೆಚ್ಚುಕಮ್ಮಿ ಸರಿಹೋಯ್ತಲ್ಲ ಅನಿಸಬಹುದು. ಆದ್ರೆ ಅದು ನನ್ನ ನಿಮ್ಮ ಕಿವಿಯ ಲೆಕ್ಕ. ವಯಸ್ಸಾದಂತೆ ಮೊದಲು ಮಂದವಾಗೋದು ಮೇಲಿನ ಸ್ವರಗಳು. ಸ, ಶ, ಚ ಥರದ ಅಕ್ಷರಗಳು ಸವೆದು ಹೋಗುತ್ತೆ, ಸ್ವರಾಕ್ಷರ ಉಳಿಯುತ್ತೆ. "ಕೇಳ್ಸುತ್ತೆ, ಆದ್ರೆ ಏನಂದ್ರು ಗೊತ್ತಾಗಲ್ಲ" ಅಂತ ಹಿರಿಯರು ಹೇಳೋದು ಇದನ್ನೇ. ಪದ್ಯದ ಪದ ಬಿಡಿಸಿ ಕೇಳಲಿ ಅಂತ ಮೇಷ್ಟ್ರು ನಾಬ್ ತಿರುವಿದ್ರು. ಸರಾಸರಿ 80 ಇದ್ದದ್ದು 83 ಆದ್ರೆ, ಪೆಟ್ಟುಗಳಿಗೆ 101 ಡೆಸಿಬಲ್ ಬೇಕು. ಅದಕ್ಕೆ 63 ವಾಟ್. ಆಂಪಲ್ಲಿ ಇರೋದು 30. ಕ್ಲಿಪ್ ಆದಷ್ಟೂ ಶಬ್ದ ಒರಟಾಯ್ತು, ಪದ ಇನ್ನೂ ಕಲಸಿತು, ಇನ್ನಷ್ಟು ತಿರುವಿದ್ರು.

ಖಾಲಿ ಹಾಲ್ ಬೇರೆ. ಆರ್‌ಸಿಸಿ ಛಾವಣಿ, ನುಣುಪಾದ ಟೈಲ್ಸ್, ಬೋಳು ಗೋಡೆ. ಇಂಥ ಕಡೆ ಒಂದು ಪದದ ಬಾಲ ಮುಂದಿನ ಪದದ ಮೇಲೆ ಬೀಳುತ್ತೆ. ವಾಟ್ ಸುರಿದ್ರೆ ಪ್ರತಿಧ್ವನಿಗೂ ವಾಟ್ ಸುರಿದ ಹಾಗೆ.

ಹಾಗಾಗಿ ಗೆಳೆಯ ಮೊದಲು ಮಾಡಿದ್ದು ಖರ್ಚಿಲ್ಲದ ಕೆಲಸ. ಕುರ್ಚಿಯನ್ನ ಹತ್ತು ಅಡಿಯಿಂದ ಐದು ಅಡಿಗೆ ತಂದ, ಸ್ಪೀಕರನ್ನ ಕಿವಿಯ ಎತ್ತರಕ್ಕೆ ಇಟ್ಟು ಮುಖ ಮೇಷ್ಟ್ರ ಕಡೆ ತಿರುಗಿಸಿದ. ದೂರ ಅರ್ಧ ಆದ್ರೆ ಕೋಣೆಯಲ್ಲಿ ಸುಮಾರು 4 ಡೆಸಿಬಲ್ ಲಾಭ. ಎರಡೂವರೆ ಪಟ್ಟು ದೊಡ್ಡ ಆಂಪ್ ತಂದಷ್ಟು. ಅದೇ 101 ಡೆಸಿಬಲ್‌ಗೆ ಈಗ 25 ವಾಟ್ ಸಾಕು. ನೆಲಕ್ಕೆ ಜಮಖಾನ, ಎದುರಿನ ಗೋಡೆಗೆ ಎರಡು ಮಡಿಕೆ ಮಾಡಿದ ಚಳ್ಳಕೆರೆ ಕಂಬಳಿ. ಆಮೇಲೆ ಹೊಸ ಟ್ವೀಟರ್, ಮತ್ತೆ 8 ಓಮ್‌ಗೆ ನಿಜವಾಗಿ 60 ವಾಟ್ ಕೊಡೋ ಆಂಪ್ಲಿಫೈಯರ್. ಇವೆಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಡಬ್ಬದ ಮೇಲಿನ ನಂಬರಿಂದು, ನಿಮ್ಮದಲ್ಲ ಅಂತ ಅಪ್ಪನಿಗೆ ಕಾಗದದಲ್ಲಿ ಲೆಕ್ಕ ಮಾಡಿ ತೋರಿಸಿದ. ಮೇಷ್ಟ್ರಲ್ವಾ, ಲೆಕ್ಕ ಸರಿ ಇದೆಯಾ ಅಂತ ನೋಡಿ ಒಪ್ಪಿದ್ರು. ಈಗ ಸಂಜೆ ಕುರ್ಚಿಯಲ್ಲಿ ಕೂತು ತಾವೇ ಹಾಡು ಹಾಕ್ತಾರೆ. ನಿಮ್ಮ ಮನೆಯಲ್ಲೂ ಟಿವಿ ವಾಲ್ಯೂಮ್ ವರ್ಷ ವರ್ಷ ಏರ್ತಿದ್ರೆ ಆಂಪ್ ಹುಡುಕೋ ಮುಂಚೆ ಒಂದು ಸಲ ಶ್ರವಣ ಪರೀಕ್ಷೆ ಮಾಡಿಸಿ.

ಬಿಸಿಲು, ಕರೆಂಟು, ನಾಬು

ನಮ್ಮ ಬಯಲುಸೀಮೆಗೆ ಅಂತಲೇ ಮೂರು ಮಾತು.

ಹಳೇ ಥರದ ಎಬಿ ಕ್ಲಾಸ್ ಆಂಪ್ಲಿಫೈಯರ್ ಎಳೆದ ಕರೆಂಟಲ್ಲಿ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತೆ. ಏಪ್ರಿಲ್ ಮಧ್ಯಾಹ್ನ ಅದನ್ನ ಶೋಕೇಸ್ ಗಾಜಿನೊಳಗೆ ಮುಚ್ಚಿಟ್ರೆ ಹಪ್ಪಳ ಸುಡಬಹುದು. ಮೇಲೆ ಒಂದು ಗೇಣು ಜಾಗ ಬಿಡಿ, ಕ್ರೋಶಾ ಬಟ್ಟೆ ಹೊದಿಸಬೇಡಿ. ಡಿ ಕ್ಲಾಸ್ ಆದ್ರೆ ಬಿಸಿ ಕಮ್ಮಿ.

ವೋಲ್ಟೇಜ್ 230 ಬದಲು 190 ಬಂದ್ರೆ, ಟ್ರಾನ್ಸ್‌ಫಾರ್ಮರ್ ಇರೋ ಆಂಪಿನ ತಾಕತ್ತು ಮೂರನೇ ಎರಡರಷ್ಟಕ್ಕೆ ಇಳಿಯುತ್ತೆ. ಕಿವಿಗೆ ಎರಡು ಡೆಸಿಬಲ್ಲೂ ಅಲ್ಲ, ಆದ್ರೆ ಕ್ಲಿಪ್ಪಿಂಗ್ ಬೇಗ ಶುರುವಾಗುತ್ತೆ. ಲೆಕ್ಕದಲ್ಲಿ ಬಂದ ವಾಟಿಗೆ ಒಂದೂವರೆ ಎರಡು ಪಟ್ಟು ತಗೊಳ್ಳಿ ಅನ್ನೋದು ಇದಕ್ಕೂ ಸೇರಿಸಿ. ಯುಪಿಎಸ್ ಇದ್ರೆ ಪ್ಯೂರ್ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್‌ಗೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತೆ.

ನಾಬ್ ಅರ್ಧ ತಿರುಗಿದ್ರೆ ಅರ್ಧ ವಾಟ್ ಖರ್ಚು ಅಂತ ತಿಳೀಬೇಡಿ. ಹಳೇ ಆಂಪುಗಳು 0.2 ವೋಲ್ಟ್ ಇನ್‌ಪುಟ್‌ಗೇ ಪೂರ್ತಿ ವಾಟ್ ಕೊಡೋ ಹಾಗೆ ಮಾಡಿದ್ದು. ಇವತ್ತಿನ ಡ್ಯಾಕ್, ಸಿಡಿ ಪ್ಲೇಯರ್ ಕಳಿಸೋದು 2 ವೋಲ್ಟ್. ನಾಬ್ ಒಂಬತ್ತು ಗಂಟೆಯ ಮುಳ್ಳಿನ ಜಾಗ ದಾಟಿದಾಗಲೇ ಆಂಪ್ ತುದಿ ಮುಟ್ಟಿರಬಹುದು. ದನಿ ಒರಟಾಯ್ತಾ, ಇಳಿಸಿ. ಅದೇ ಮೀಟರ್.

ಅಂಗಡಿಗೆ ಹೋಗೋ ಮುಂಚೆ ಸ್ಕ್ರೀನ್‌ಶಾಟ್ ತಗೊಳ್ಳಿ

1. ಕೂರೋ ಜಾಗದಿಂದ ಸ್ಪೀಕರಿಗೆ ಎಷ್ಟು ಅಡಿ ಅಂತ ಟೇಪ್ ಹಿಡಿದು ಅಳೆಯಿರಿ. ಹತ್ತಿರ ಬರೋಕೆ ಆಗುತ್ತಾ ನೋಡಿ.

2. ಸ್ಪೀಕರ್ ಮೊದಲು ಆರಿಸಿ. ಸೆನ್ಸಿಟಿವಿಟಿ, ಓಮ್, ಕನಿಷ್ಠ ಓಮ್ ಬರೆದುಕೊಳ್ಳಿ.

3. ಸೆನ್ಸಿಟಿವಿಟಿಯಲ್ಲಿ 3 ಕಳೆಯಿರಿ (ಮೂರು ಮೀಟರ್, ಎರಡು ಸ್ಪೀಕರ್). ಅಲ್ಲಿಂದ 98ಕ್ಕೆ ಎಷ್ಟು ಬೇಕು ನೋಡಿ. 10 ಅಂದ್ರೆ 10 ವಾಟ್, 13 ಅಂದ್ರೆ 20, 16 ಅಂದ್ರೆ 40, 19 ಅಂದ್ರೆ 80. ಹಿರಿಯರು ಕೇಳೋದಾದ್ರೆ ಇನ್ನೊಂದು 3 ಸೇರಿಸಿ.

4. ಬಂದ ಉತ್ತರಕ್ಕೆ ಒಂದೂವರೆಯಿಂದ ಎರಡು ಪಟ್ಟು ನಿಜವಾದ ವಾಟ್ ಇರೋ ಆಂಪ್ ಹುಡುಕಿ. ಅಡಾಪ್ಟರ್ ಆಂಪ್ ಆದ್ರೆ ವೋಲ್ಟನ್ನ ಆಂಪಿಯರಿಂದ ಗುಣಿಸಿ ನೋಡಿ.

5. ಹತ್ತು ಅಡಿ ವೈರಿಗೆ 1.5 ಚದರ ಮಿಲಿಮೀಟರ್ ತಾಮ್ರ ಸಾಕು. ಕೇಬಲ್ಲಿಗೆ ಸಾವಿರಾರು ರೂಪಾಯಿ ಹಾಕೋ ಬದಲು ಜಮಖಾನ ತನ್ನಿ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಒಂದು ಕಡೆ ಉಲ್ಟಾ ಆದ್ರೆ ಬೇಸ್ ಮಾಯ.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ "ಎಷ್ಟು ವಾಟ್?" ಅಂತ ಕೇಳಿದ್ರೆ ಅವರು ಹೇಳಿದ್ದೇ ವಾಟ್. "86 ಡೆಸಿಬಲ್, 8 ಓಮ್, ಹತ್ತು ಅಡಿ ದೂರ, 60 ನಿಜವಾದ ವಾಟ್ ಬೇಕು" ಅಂತ ಕೇಳಿ ನೋಡಿ. ಕೌಂಟರ್ ಆ ಕಡೆಯ ಮಾತಿನ ಧಾಟಿಯೇ ಬದಲಾಗುತ್ತೆ.